ಸಾವಿರದ ನಲವತ್ತಮೂರು

ಬೀದರಿನ ಚೌಬಾರಾ ದಾಟಿ ಬಲಕ್ಕೆ ಹೊರಳಿದರೆ ರೆಕಾರ್ಡ್ ರೂಮು.
ಬಸ್ತಾಗಳೆಲ್ಲ ಹೋದ ವರ್ಷ ಸ್ಕ್ಯಾನ್ ಆದವು.
ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಎದ್ದ ಧೂಳು
ನನ್ನ ಕೀಬೋರ್ಡಿನ ಸಂದಿಯಲ್ಲಿ ಇನ್ನೂ ಇದೆ.

ಸರ್ವರ್ ನನ್ನ ಸುಪರ್ದಿ.
ಯಾರು ಏನು ನೋಡಬಹುದು ಅಂತ ಬರೆಯುವುದು ಕೆಲಸ.
ಫೈಲಿಗೊಂದು ಯಾದಿ: ಒಡೆಯ, ಗುಂಪು, ಉಳಿದವರು.
ಆರ್ ಅಂದರೆ ಓದು, ಡಬ್ಲ್ಯೂ ಅಂದರೆ ಬರೆ,
ಎಕ್ಸ್, ಫೋಲ್ಡರಿಗಾದರೆ, ಹಾದುಹೋಗು.
ಹಕ್ಕಿಲ್ಲದ ಕಡೆ ಸಣ್ಣದೊಂದು ಗೆರೆ.
ಉಳಿದವರಿಗೆ ಮೂರೂ ಗೆರೆ.
ಊರಲ್ಲಿ ಉಳಿದವರೇ ಜಾಸ್ತಿ.

ನಿಜಾಮರ ಕಾಲದ ದಫ್ತರ, ಸೇತವಾರ್, ಮುಂತಖಬ್,
ಓದುವ ಹಕ್ಕು ಹನ್ನೊಂದು ಮಂದಿಗಿತ್ತು.
ಹನ್ನೊಂದೂ ಮಂದಿ ದಖನಿಯಲ್ಲಿ ಚೌಕಾಸಿ ಮಾಡಬಲ್ಲರು,
ಆ ಶಿಕಸ್ತಾ ಕೈಬರಹದ ಒಂದು ಸಾಲು ಓದಲಾರರು.
ಓದಬಲ್ಲವರು ಕಚೇರಿಗೆಲ್ಲ ಒಬ್ಬರೇ,
ಅಟೆಂಡರ್ ದಸ್ತಗೀರ್ ಸಾಹೇಬರು.
ಅವರು ಉಳಿದವರಲ್ಲಿ.

ಔರಾದಿನಿಂದ ಸುಭದ್ರಾಬಾಯಿ ಮೂರು ಸಲ ಬಂದು ಹೋದ ಮೇಲೆ
ನಾನೊಂದು ಸಾಲು ಸೇರಿಸಿದೆ:
ಯೂಸರ್ ದಸ್ತಗೀರ್. ಆರ್, ಗೆರೆ, ಎಕ್ಸ್.
ಅಷ್ಟೇ. ಕಪ್ಪು ಪರದೆ, ಬಿಳಿ ಅಕ್ಷರ.
ಬಿದರಿ ಕೆಲಸದ ಹಾಗಿದೆ ಅನ್ನುವವರು ಅನ್ನಲಿ,
ಬಿದರಿಯವನು ಉಳಿ ಹಿಡಿದು ದಿನಗಟ್ಟಲೆ ಕೂರುತ್ತಾನೆ,
ನನಗೆ ಬೇಕಾದದ್ದು ಒಂದು ಎಂಟರ್.

ಮರುದಿನ ಬೆಳಿಗ್ಗೆ ಸಾಹೇಬರು,
'ಬಾಗ್ಲಾ ಮುಚ್ಯಾದ ನೋಡ್ರಿ ಮೇಡಂ.'
ತೆಗೆದು ನೋಡಿದರೆ ಹೆಸರಿದೆ, ಹಕ್ಕೂ ಇದೆ,
ಪಕ್ಕದಲ್ಲಿ ಯಂತ್ರದ ಷರಾ: ಪರಿಣಾಮದಲ್ಲಿ ಮೂರು ಗೆರೆ.
ರಾತ್ರಿ ಓಡುವ ಬ್ಯಾಕಪ್ ಒಂದು ಮಾಸ್ಕು ಇಳಿಬಿಟ್ಟಿತ್ತು.
ಕೊಟ್ಟದ್ದನ್ನು ಕಸಿಯುವುದಿಲ್ಲ ಮಾಸ್ಕು,
ಕೊಟ್ಟಂತೆಯೇ ಇಟ್ಟು, ಸಲ್ಲದಂತೆ ಮಾಡುತ್ತದೆ.
ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ಸಾಹೇಬರಿಗೆ
ಇದನ್ನು ವಿವರಿಸಬೇಕಾಗಲಿಲ್ಲ.

ಆ ಹನ್ನೊಂದು ಮಂದಿಗೂ ಅದೇ ರಾತ್ರಿ ಬಾಗಿಲು ಮುಚ್ಚಿತ್ತು.
ಒಬ್ಬರೂ ದೂರು ಕೊಡಲಿಲ್ಲ.

ಮಾಸ್ಕು ಸಡಿಲಿಸಿದೆ. ಸಾಹೇಬರು ಕನ್ನಡಕ ಒರೆಸಿ
ಪರದೆಗೆ ಮೂಗು ತಾಗಿಸಿ ಬಲದಿಂದ ಎಡಕ್ಕೆ ಹೋದರು.
'ದಾರಿ ಅದಾ ತಾಯಿ, ಬಾವಿಗಿ ಹೋಗೋ ದಾರಿ.
ಆಚಿ ಹೊಲದಾಗ ಹಾಯ್ದು ಹೋಗ್ಬೇಕು, ಬರ್ಬೇಕು.
ನಿಂದ್ರಾಂಗಿಲ್ಲ, ಕಾಯಿ ಹರಿಯಾಂಗಿಲ್ಲ.'
'ಎಕ್ಸ್' ಅಂದೆ.
'ಏನ್ರಿ?'
'ಏನಿಲ್ಲ, ಓದ್ರಿ.'
ಸುಭದ್ರಾಬಾಯಿ ಸೆರಗಿನ ಗಂಟಿನಿಂದ ನಕಲಿನ ಫೀಸು ಎಣಿಸುತ್ತಿದ್ದಳು.

ಜೂನಿನಲ್ಲಿ ಸಾಹೇಬರು ರಿಟೈರ್ ಆದರು.
ಶಾಲು, ಒಂದು ಕೇಜಿ ಪೇಡೆ, ಗ್ರೂಪ್ ಫೋಟೋ.
ನಿಯಮದ ಪ್ರಕಾರ ಖಾತೆ ಅಳಿಸಿದೆ.
ಯಾದಿಯಲ್ಲಿ ಹೆಸರು ಹೋಗಿ ಅಂಕಿ ಉಳಿಯಿತು:
ಸಾವಿರದ ನಲವತ್ತಮೂರು. ಆರ್, ಗೆರೆ, ಎಕ್ಸ್.
ಅಳಿಸಬೇಕಿತ್ತು. ನಾಳೆ ಅಂದುಕೊಂಡೆ.
ಕೆಲವು ನಾಳೆಗಳು ತಿಂಗಳುಗಟ್ಟಲೆ ಕೂತಿರುತ್ತವೆ.

ಭಾಲ್ಕಿಯ ನಾಗಶೆಟ್ಟಿ ಡೇಟಾ ಎಂಟ್ರಿಗೆ ಬಂದ.
ಕಡೆಯ ಅಂಕಿ ಖಾಲಿ ಕಂಡರೆ ಯಂತ್ರ ಅದನ್ನೇ ಕೊಡುತ್ತದೆ,
ಕಿಟಕಿಯಲ್ಲಿ ಟವೆಲ್ ಹಾಕದ ಬಸ್ ಸೀಟಿನ ಹಾಗೆ.
ಎರಡನೇ ದಿನ ನೋಡಿದರೆ ಹುಡುಗ
ಗದ್ದಕ್ಕೆ ಕೈಯಿಟ್ಟು ಒಂದು ಮುಂತಖಬಿನ ಮುಂದೆ ಕೂತಿದ್ದಾನೆ.
'ಇದು ಈ ಕಡಿಂದ ಓದೋದಾ ಮೇಡಂ?'

ಎದೆ ಝಲ್ಲೆಂದಿತು. ಯಾರೂ ಕೊಡದ ಕೀಲಿ ಅದು,
ತೀರಿಹೋದ ಹೆಸರಿನ ಬೆನ್ನಿಗಂಟಿ ಬಂದದ್ದು.
ಅವನ ಕಣ್ಣೆದುರೇ ಆ ಸಾಲು ತೆಗೆದೆ.
ತೀರಿಹೋದ ಅಂದೆನಲ್ಲ, ತಪ್ಪು.
ಸಾಹೇಬರು ದಿನಾ ಸಂಜೆ ಗವಾನ ಮದರಸಾದ ಕಟ್ಟೆಗೆ ಬರುತ್ತಾರೆ,
ಕಡಲೆ ತಿನ್ನುತ್ತಾರೆ, ಚೆನ್ನಾಗಿದ್ದಾರೆ.

'ಬೇಕಿದ್ದರೆ ಅರ್ಜಿ ಬರಿ' ಅಂದೆ.
ಬರೆದ. ಕಾರಣ ಎಂಬ ಕಾಲಮ್ಮಿನಲ್ಲಿ ಒಂದೇ ಶಬ್ದ,
ಕಲೀಲಿಕ್ಕ.
ಮಂಜೂರಿ ಶಿರಸ್ತೇದಾರರದು, ಅವರು ಸೋಮವಾರದ ತನಕ ರಜೆ.
ಅಲ್ಲಿತನಕ ಅವನ ಹೆಸರಿಗೆ, ಅವನದೇ ಹೆಸರಿಗೆ,
ಗೆರೆ, ಗೆರೆ, ಎಕ್ಸ್.
ನಿಂದ್ರಾಂಗಿಲ್ಲ.