ಹೊಂದಿಸಿ ಬರೆಯಿರಿ

ರೂವಿಯ ನಾಲ್ಕನೇ ಮಹಡಿ, ಶುಕ್ರವಾರ, ಬೆಳಗಿನ ಒಂಬತ್ತೂವರೆ.
ಊಟದ ಮೇಜಿಗೆ ಹಾಸಿದ ಪ್ಲಾಸ್ಟಿಕ್ಕಿನಿಂದ
ನಿನ್ನೆಯ ಸಾರಿನ ವಾಸನೆ ಇನ್ನೂ ಹೋಗಿಲ್ಲ.
ಎಡಗಡೆ ಪದ, ಬಲಗಡೆ ಚಿತ್ರ,
ನಡುವೆ ಆರು ಮಕ್ಕಳ ಹನ್ನೆರಡು ಮೊಣಕೈ.

ಚಿತ್ರಗಳೆಲ್ಲ ಸೂಪರ್‌ಮಾರ್ಕೆಟ್ಟಿನ ಕರಪತ್ರದಿಂದ ಕತ್ತರಿಸಿದವು.
ಹಾಗಾಗಿ ನಮ್ಮ ಪಾಠದಲ್ಲಿ ಹಣ್ಣು ಜಾಸ್ತಿ,
ಈರುಳ್ಳಿಯ ಬೆನ್ನಿಗೆ ಇನ್ನೂರು ಬೈಸಾ ಎಂಬ ಹಳದಿ ನಕ್ಷತ್ರ.
ಎತ್ತು ಎಲ್ಲೂ ಸಿಗಲಿಲ್ಲ. ನಾನೇ ಬಿಡಿಸಿದೆ.
"ಟೀಚರ್, ಈ ನಾಯಿಗೆ ಯಾಕೆ ಕೊಂಬು?"

ಬೆಕ್ಕನ್ನು ಎತ್ತಿ ತೋರಿಸಿದರೆ
ಧನ್ವಿತ್ ಪುಚ್ಚೆ ಅನ್ನುತ್ತಾನೆ, ಮೆಲಿಶಾ ಮಾಜರ್,
ಇಝಾನ್ ಬಿಲ್ಲಿ.
ಮೂರೂ ಸರಿಯೇ. ಮೇಜಿನ ಮೇಲಿರುವ ಪದ ಮಾತ್ರ
ಯಾರ ಮನೆಯದ್ದೂ ಅಲ್ಲದ ಮರಿಯ ಹಾಗೆ
ಸ್ವಲ್ಪ ಹೊತ್ತು ಕಾದು ಕೂರುತ್ತದೆ.

ಹೊಳೆ ಬಿಡಿಸುವಾಗ ನೀಲಿ ಪೆನ್ನು ಒಣಗಿತ್ತು,
ಬೂದುಬಣ್ಣದಲ್ಲೇ ಮುಗಿಸಿದ್ದೆ.
"ರಸ್ತೆ!" ಅಂದರು ಎಲ್ಲ ಒಟ್ಟಿಗೆ.
ಅಲ್ಲ ಮಕ್ಕಳೇ, ಇದು ಹರಿಯುತ್ತದೆ.
"ರಸ್ತೆಯೂ ಹರೀತದೆ ಟೀಚರ್, ಹೋದ ಮಾರ್ಚಲ್ಲಿ
ವಾದಿ ಬಂದಾಗ ಡ್ಯಾಡಿಯ ಕಾರು ತಿರುಗಿ ನಿಂತಿತ್ತು,
ನಾನು ಸೀಟಿನ ಮೇಲೆ ಹತ್ತಿದ್ದೆ, ಶೂಸ್ ಒದ್ದೆ."
ಮೆಲಿಶಾ ಮಾತು ಮುಗಿಸುವ ತನಕ
ನನ್ನ ಬೆರಳು ಆ ಬೂದು ಗೆರೆಯ ಮೇಲೇ ಇತ್ತು.

ಕೊನೆಗೆ ಬಾವಿ.
ರಾಟೆ, ಹಗ್ಗ, ಕೊಡ, ನೆನಪಿದ್ದಷ್ಟೂ ಹಾಕಿದ್ದೇನೆ,
ಕಟ್ಟೆಯ ಮೇಲೆ ಹಾವಸೆ ಕೂಡ.
ಇಝಾನ್ ಚಿತ್ರಗಳನ್ನೆಲ್ಲ ಮಗುಚಿ ಮಗುಚಿ ಹುಡುಕಿ
ಚೀಟಿಯನ್ನು ನನ್ನ ಮುಂದೆಯೇ ವಾಪಸ್ ಇಟ್ಟ.
"ಇದರಲ್ಲಿ ಇಲ್ಲ."
ಯಾವುದಿಲ್ಲ?
"ಅಬ್ಬಾ ಹೋಗುವ ಬಾವಿ. ಮರ್ಮೂಲಿನದ್ದು.
ತಲೆ ಆಡಿಸ್ತದಲ್ಲ, ಹೂಂ ಹೂಂ ಅಂತ,
ಹದಿನಾಲ್ಕು ರಾತ್ರಿ ಆದಮೇಲೆ ಮನೆಗೆ ಕಳಿಸ್ತದೆ."

ಕೈಯಲ್ಲಿ ಕೆಂಪು ಪೆನ್ನು.
ಹೊಂದಿಸಿ ಬರೆಯಿರಿ ಎಂದು ಮೇಲೆ ಬರೆದವಳು ನಾನೇ.
ಅಕ್ಕಿಯ ಜಾಹೀರಾತಿನ ಅಂಚು ಖಾಲಿಯಿತ್ತು, ಹರಿದು ಕೊಟ್ಟೆ.
ಅವನು ಬಿಡಿಸಿದ: ಉದ್ದ ಕತ್ತಿನ ಕಬ್ಬಿಣ, ಪಕ್ಕದಲ್ಲೊಂದು ಹೆಲ್ಮೆಟ್ಟು,
ಹೆಲ್ಮೆಟ್ಟಿನ ಕೆಳಗೆ ಮುಖಕ್ಕೆ ಜಾಗ ಸಾಲಲಿಲ್ಲ.

ಈಗ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಬಾವಿಗೆ ಎರಡು ಚಿತ್ರ.
ಮುಂದಿನ ಶುಕ್ರವಾರ ಧನ್ವಿತ್ ಕೇಳಿಯೇ ಕೇಳುತ್ತಾನೆ,
ಯಾವುದಕ್ಕೆ ಮಾರ್ಕು ಅಂತ.
ಗೊತ್ತಿಲ್ಲ.
ಮೊದಲು ಆ ಎತ್ತಿನ ಬಾಲ ಸರಿಮಾಡಬೇಕು.