ಲೆಕ್ಕಕ್ಕೆ ಸಿಗದ್ದು

ಚಿತ್ರಾನ್ನಕ್ಕೆ ಬಾರ್‌ಕೋಡ್ ಇಲ್ಲ.
ಹುಡುಕಿದರೆ ಆ್ಯಪ್ ಕೇಳುತ್ತದೆ:
ನಿಂಬೆ ಕೇಕಾ? ಎಷ್ಟು ತುಂಡು?
ಬಾಣಲೆ ಆರುತ್ತಿದೆ. ಹೂಂ ಅಂತ ಒತ್ತಿದೆ.
ಕೆಂಪು ಮುಖವೊಂದು ಬಾಯಿ ಸೊಟ್ಟ ಮಾಡಿತು.
ಅದನ್ನು ನನಗಿಂತ ಮೊದಲು ನೋಡಿದವನು
ಒಂಬತ್ತು ವರ್ಷದ ಇಶಾಂಕ;
ತಟ್ಟೆ ಸರಿಸಿ, ಅಂಗಿ ಕೆಳಗೆಳೆದುಕೊಂಡ.

ಶನಿವಾರ, ವುಲ್ವರ್‌ಹ್ಯಾಂಪ್ಟನ್ನಿನ ಪಾರ್ಕಿನಲ್ಲಿ
ಪಕ್ಕದ್ಮನೆ ಮೊರೀನಜ್ಜಿಯ ನಾಯಿಯ ಕೊರಳಪಟ್ಟಿಗೆ
ನನ್ನ ಫೋನು ಕಟ್ಟಿ ಬಿಟ್ಟ, ಕಳ್ಳ.
ನಾಯಿಗೆ ಬಾತುಕೋಳಿ ಕಂಡಿತು. ತಗೋ!
ಕೊಳ ಸುತ್ತಿ, ಬೇಲಿ ನುಸುಳಿ, ಕೆಸರಲ್ಲಿ ಜಾರಿ
ಹಿಂದೆ ನಾವಿಬ್ಬರೂ,
ಏದುಸಿರು, ನಗು, ಅವನ ಒಂದು ಶೂ ಎಲ್ಲೋ.

ರಾತ್ರಿ ಆ್ಯಪ್ ಪಟಾಕಿ ಹಾರಿಸಿತು:
ಶಭಾಷ್, ಹನ್ನೊಂದು ಸಾವಿರ ಹೆಜ್ಜೆ!
ನಾಯಿಯವು.
ನಾವು ಓಡಿದ್ದನ್ನು ಬರೆಯಲು
ಎಲ್ಲಿ ಒತ್ತಬೇಕೋ ಹುಡುಕುತ್ತ ಕೂತೆ;
ಅವನಿಗಾಗಲೇ ನಿದ್ದೆ, ಕೆಸರುಗಾಲಲ್ಲೇ.