ಒಂದೂಕಾಲು

ಬೆಳಗಿನ ಆರಕ್ಕೆ ಮುಳ್ಳು ಸೊನ್ನೆಗೆ ಒರಗಿರುತ್ತದೆ
ರಾತ್ರಿ ಪಾಳಿ ಮುಗಿಸಿ ಬಂದವನ ಹಾಗೆ.
ಬಾಯ್ಲರು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.
ಟೆಕ್ವಿನ್ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಅಡಿಗೆಮನೆ ಮೂಲೆಯಲ್ಲಿ ಮಂಡಿಯೂರುತ್ತಾನೆ;
ಚಾಪೆಲ್ಲಿನಲ್ಲೂ ಬಗ್ಗದ ಮಂಡಿ ಅದು.
ಜಡೆ ಹೆಣೆದಂಥ ಬೆಳ್ಳಿ ಕೊಳವೆಯ ಕಿವಿ ಹಿಂಡಿದರೆ
ಪಾಂಟರ್ದವೆಯ ತಣ್ಣೀರು ಸುಯ್ಯೆಂದು ಒಳನುಗ್ಗುತ್ತದೆ:
ಅರ್ಧ, ಮುಕ್ಕಾಲು, ಒಂದು, ಒಂದೂಕಾಲು.
‘ಸಾಕು’ ಅನ್ನುತ್ತೇನೆ, ಮೆಟ್ಟಿಲ ಮೇಲಿಂದಲೇ.

ಸಂಜೆ ಕಾದಾಗ ಅದೇ ಮುಳ್ಳು
ಮೂರು ದಾಟಿ ಕೆಂಪಿನೊಳಗೆ ನಡುಗುತ್ತದೆ.
ಹಿತ್ತಲ ಗೋಡೆಯಾಚೆ ತಾಮ್ರದ ತುದಿಯಿಂದ
ತೊಟ್ಟು, ತೊಟ್ಟು.
ಫೆಬ್ರವರಿಯ ಚಳಿ ಅದನ್ನು ಹೆಪ್ಪುಗಟ್ಟಿಸಿ
ಇಟ್ಟಿಗೆಗೊಂದು ಗಡ್ಡ ಬಿಡಿಸಿದೆ.

‘ಎಲ್ಲೋ ಸೋರ್ತಿದೆ’ ಅಂತ ಟೆಕ್ವಿನ್.
‘ನೀನೇ ಜಾಸ್ತಿ ತುಂಬ್ತೀಯ’ ಅಂತ ಗೆಥಿನ್.
ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ದನಿ,
ಬಾಯಿಬಿಟ್ಟರೆ ಎಣ್ಣೆ ಸೀಗೇಕಾಯಿ.

ಗೆಥಿನ್ ಅಕ್ಟೋಬರಿನಲ್ಲಿ ಬಂದ, ಎರಡು ವಾರಕ್ಕೆಂದು.
ಒಂದು ಚೀಲ, ಒಂದು ಮಡಚುವ ಸೈಕಲ್ಲು.
ಉಕ್ಕಿನ ಕುಲುಮೆ ಆರಿದ ಮೇಲೆ ಕೈಗೆ ಕೆಲಸವಿಲ್ಲ;
ನಮ್ಮ ಚಮಚಗಳನ್ನು ಅಳತೆ ಪ್ರಕಾರ ಜೋಡಿಸುತ್ತಾನೆ.
ಆ ಡ್ರಾಯರು ಎಳೆದಾಗಲೆಲ್ಲ ಹಲ್ಲು ಕಡಿಯುತ್ತೇನೆ.
ಹೇಳಿಲ್ಲ.
ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಮಂಗಳವಾರ ಬೆಕಾ ಬಂದಳು,
ಬೂಟಿಗೆ ಪ್ಲಾಸ್ಟಿಕ್ ಮುಸುಕು ಹಾಕಿಕೊಂಡ ಇಪ್ಪತ್ಮೂರರ ಹುಡುಗಿ.
ಚಹಾ ಬೇಡ ಅಂದು ಎರಡು ಲೋಟ ಕುಡಿದಳು.
ಬಾಯ್ಲರಿನ ಮುಖ ಕಳಚಿದರೆ ಬೆನ್ನಲ್ಲಿ
ದೋಸೆ ಹಂಚಿನಗಲ ಒಂದು ಕೆಂಪು ಡಬ್ಬ;
ಹತ್ತು ವರ್ಷ ಈ ಮನೆಯಲ್ಲಿದ್ದೂ ನಾ ಕಾಣದ್ದು.
ಅದರ ಮೂತಿಯ ಮೊಳೆಯನ್ನು ಉಗುರಿನಿಂದ ಒತ್ತಿದಳು.
ನೀರು ಬರಲಿಲ್ಲ. ಗಾಳಿಯೂ ಬರಲಿಲ್ಲ.
‘ನೀರು ಬಂದಿದ್ರೆ ಡಬ್ಬಾನೇ ಹೋಯ್ತು.
ಪುಣ್ಯ ಮಾಡಿದ್ದೀರಿ.’

ಆಮೇಲೆ, ಯಾರಿಗೆ ಅಂತಿಲ್ಲದೆ:
‘ಕಾದ ನೀರು ಹಿಗ್ಗುತ್ತೆ.
ಆ ಹಿಗ್ಗು ಎಲ್ಲಿಗೆ ಹೋಗಬೇಕು?
ಡಬ್ಬದಲ್ಲಿ ಅರ್ಧ ಬರೀ ಗಾಳಿ ಇರಬೇಕು,
ನಡುವೆ ಒಂದು ರಬ್ಬರ್ ತೆರೆ.
ನಿಮ್ಮದು ಸೋರ್ತಿಲ್ಲ, ಹೆಚ್ಚು ತುಂಬಿದ್ದೂ ಅಲ್ಲ.
ಖಾಲಿ ಜಾಗ ಮುಗಿದಿದೆ, ಅಷ್ಟೆ.’

ಅಣ್ಣತಮ್ಮಂದಿರು ನೆಲ ನೋಡಿದರು.
ಇಬ್ಬರೂ ತಪ್ಪು ಅಂತ ಗೊತ್ತಾದಾಗ
ಎಷ್ಟು ಹೋಲುತ್ತಾರೆ, ದೇವರೇ.

ಮೊದಲು ನೀರು ಇಳಿಸಿದಳು: ಕಲ್ಲಿದ್ದಲು ತೊಳೆದಂತೆ ಕಪ್ಪು,
ಒಂದು ಬಕೆಟ್ಟು, ಇನ್ನೊಂದು.
ಪಂಪು ಮಾತ್ರ ಇನ್ಯಾವುದೋ ವ್ಯಾನಿನಲ್ಲಿ ಮರೆತು ಬಂದಿದ್ದಳು.
ಗೆಥಿನ್ ಮಾತಾಡದೆ ಎದ್ದು ಹೋಗಿ
ಸೈಕಲ್ಲಿನ ಪಂಪು ತಂದ. ಮೂತಿಗೆ ಸರಿಯಾಗಿ ಕೂತಿತು.
ಅವನು ಒತ್ತಿದ, ಟೆಕ್ವಿನ್ ಕೊಳವೆ ಹಿಡಿದ.
ಈನ್, ದೈ, ತ್ರೀ, ಪೆದ್ವಾರ್,
ಅಪ್ಪ ಹಲಗೆ ಮೇಲೆ ಕಲಿಸಿದ ಎಣಿಕೆ,
ಒಬ್ಬನಿಗೆ ಏದುಸಿರಾದಾಗ ಇನ್ನೊಬ್ಬ ಎತ್ತಿಕೊಂಡ.
ನಲವತ್ತೇಳರ ಹತ್ತಿರ ಬೆಕಾ ಕೈ ಎತ್ತಿದಳು.

ಮೂರು ದಿನದಿಂದ ಮುಳ್ಳು ಅಲ್ಲೇ ಇದೆ.
ಟೆಕ್ವಿನ್ ಆರಕ್ಕೇ ಎದ್ದು ಮಂಡಿಯೂರಿ
ಟಾರ್ಚು ಬಿಡುತ್ತಾನೆ, ಮಾಡಲು ಏನೂ ಇಲ್ಲದೆ
ಸ್ವಲ್ಪ ಹೊತ್ತು ಹಾಗೇ ಕೂರುತ್ತಾನೆ.
ಗಡ್ಡ ಕಳಚಿ ಬಿದ್ದದ್ದನ್ನು ಯಾರೋ ಗುಡಿಸಿದ್ದಾರೆ.
ನಿನ್ನೆ ನಾನು ಬೇಕೆಂದೇ ಒಂದು ಸಣ್ಣ ಚಮಚವನ್ನು
ಫೋರ್ಕುಗಳ ನಡುವೆ ಹಾಕಿದೆ.
ರಾತ್ರಿ ನೋಡಿದರೆ ಅದು ಅಲ್ಲೇ ಇತ್ತು.

ಪಂಪು ಈಗ ಬಾಯ್ಲರ್ ಪಕ್ಕದ ಮೊಳೆಗೆ ತೂಗಿದೆ.
‘ಸೈಕಲ್ಲಿಗೆ ಬೇಡವೇ?’ ಅಂದೆ.
‘ಚಕ್ರ ಗಟ್ಟಿಯಾಗೇ ಇದೆ’ ಅಂದ ಗೆಥಿನ್,
ಹೊರಗೆ ನೋಡುತ್ತ.